ಗಾಡಿಯಲ್ಲಿ ಅತ್ತವನು

ಒಬ್ಬರ ಮುಖವನ್ನೊಬ್ಬರು ನೋಡದೆಯೇ ನಾವು ನಾಲ್ಕು ಜನ ಏಳೆಂಟು ವರ್ಷ ಸ್ನೇಹಿತರಾಗಿದ್ದೆವು. ಅದು ಶುರುವಾದದ್ದು ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲದಲ್ಲಿ. ಆಗ ಎಲ್ಲರೂ ಖಾತೆ ತೆರೆಯುತ್ತಿದ್ದ ಒಂದು ತಾಣದಲ್ಲಿ ಥಾಣೆ ಕಡೆಯ ಕನ್ನಡಿಗರಿಗೆಂದು ಯಾರೋ ಒಂದು ಪುಟ ಮಾಡಿದ್ದರು. ಹಬ್ಬದ ಶುಭಾಶಯ, ಬಾಡಿಗೆ ಮನೆಯ ವಿಚಾರಣೆ, ಯಕ್ಷಗಾನದ ಆಮಂತ್ರಣ ಬಿಟ್ಟರೆ ಅಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ಒಂದು ಮಳೆಗಾಲದ ಸಂಜೆ ಹಳಿಯ ಮೇಲೆ ನೀರು ನಿಂತು ಲೋಕಲ್‌ಗಳು ನಿಂತುಹೋದಾಗ ಒಬ್ಬರು, ಯಾರು ಯಾರು ಎಲ್ಲೆಲ್ಲಿ ಸಿಕ್ಕಿಬಿದ್ದಿದ್ದೀರಿ ಎಂದು ಕೇಳಿದರು. ಉತ್ತರ ಬರೆದ ನಾಲ್ವರು ನಾವು. ನೀರು ಇಳಿದರೂ ನಮ್ಮ ಮಾತು ನಿಲ್ಲಲಿಲ್ಲ. ಮುಂದೆ ಎಲ್ಲರ ಕೈಗೂ ಒಳ್ಳೆಯ ಫೋನು ಬಂದ ಮೇಲೆ ಆ ತಾಣ ಬಿಟ್ಟು ನಮ್ಮದೇ ಒಂದು ಗುಂಪು ಮಾಡಿಕೊಂಡೆವು.

ಪ್ರಶ್ನೆ ಕೇಳಿದವರು ನೆರೂಳದಲ್ಲಿದ್ದ ಒಬ್ಬ ಬ್ಯಾಂಕ್ ಉದ್ಯೋಗಿ. ನಮ್ಮೆಲ್ಲರಿಗಿಂತ ದೊಡ್ಡವರು, ನನ್ನ ಹಾಗೆ ಉಡುಪಿ ಕಡೆಯವರು. ಅವರನ್ನು ಅಕ್ಕ ಎನ್ನುತ್ತಿದ್ದೆವು. ಇನ್ನೊಬ್ಬರು ಕಲ್ಯಾಣದಲ್ಲಿ ಮನೆ ಮಾಡಿದ್ದ ವಿಜಯಪುರದವರು. ಥಾಣೆಯ ಒಂದು ಗೋದಾಮಿನಲ್ಲಿ ಲಾರಿಗಳಿಗೆ ಮಾಲು ತುಂಬಿಸುವ ಮೇಲ್ವಿಚಾರಣೆ ಅವರದು. ನನಗಿಂತ ಒಂದೆರಡು ವರ್ಷ ಹಿರಿಯರಾದ್ದರಿಂದ ಅವರು ಅಣ್ಣ. ನಾಲ್ಕನೆಯವನು ಥಾಣೆಯಲ್ಲೇ ಹುಟ್ಟಿ ಬೆಳೆದವನು, ಔಷಧಿ ಮಾರಾಟದ ಕೆಲಸದಲ್ಲಿ ಡಾಕ್ಟರುಗಳ ಬಾಗಿಲು ಕಾಯುತ್ತಿದ್ದ. ಅವನಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅವನ ಸಲುವಾಗಿ ನಾವೆಲ್ಲ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದೆವು.

ಗುಂಪಿಗೊಂದು ರೂಢಿ ಇತ್ತು. ಸಂಜೆ ಕೆಲಸ ಬಿಟ್ಟ ಮೇಲೆ ಪ್ರತಿಯೊಬ್ಬರೂ ಒಂದು ಉರಿ, ಒಂದು ತಂಪು ಬರೆಯಬೇಕು. ಉರಿ ಎಂದರೆ ಆ ದಿನ ಕೆಲಸದಲ್ಲಿ ಹೊಟ್ಟೆ ಉರಿಸಿದ್ದು. ತಂಪು ಎಂದರೆ ಎಷ್ಟು ಸಣ್ಣದಾದರೂ ಸರಿ, ಖುಷಿ ಕೊಟ್ಟದ್ದು. ಕೌಂಟರಿನಲ್ಲಿ ಒಬ್ಬ ಮುದುಕ ತಮ್ಮನ್ನು ಕಳ್ಳಿ ಎಂದ, ಇದು ಅಕ್ಕನ ಉರಿ. ಅವನೇ ಸಂಜೆ ಸೀತಾಫಲ ತಂದುಕೊಟ್ಟು ಹೋದ, ಅದು ತಂಪು. ‘ಹಮಾಲರು ಅರ್ಧಾ ಲೋಡ್ ಬಿಟ್ಟು ಮ್ಯಾಚ್ ನೋಡಾಕ ಹ್ವಾದ್ರು’ ಎಂದು ಅಣ್ಣ ಬರೆದರೆ ಕೆಳಗೆ, ‘ನಾನೂ ಹ್ವಾದೆ, ಅದ ತಂಪು’ ಎಂದಿರುತ್ತಿತ್ತು. ಥಾಣೆಯ ಹುಡುಗನ ತಂಪು ಹೆಚ್ಚಾಗಿ ಎಲ್ಲೋ ಕುಳಿತು ತಿಂದ ಮಿಸಳ್ ಆಗಿರುತ್ತಿತ್ತು. ಭೇಟಿಯಾಗಬೇಕೆಂದು ನಾವು ಹಲವು ಸಲ ಭಾನುವಾರ ಗೊತ್ತುಮಾಡಿದ್ದೆವು. ಪ್ರತಿಸಲವೂ ಹಳಿ ರಿಪೇರಿಗೆಂದು ರೈಲಿನವರು ಗಾಡಿ ನಿಲ್ಲಿಸುವ ಮೆಗಾಬ್ಲಾಕೋ ಯಾರದೋ ಮನೆಯ ನೆಂಟರೋ ಅಡ್ಡ ಬಂದರು. ಆಮೇಲೆ ಆಮೇಲೆ ಭೇಟಿಯಾಗದಿರುವುದೇ ಒಳ್ಳೆಯದೆನಿಸತೊಡಗಿತು. ಮುಖ ಕಾಣದವರೊಡನೆ ಮಾತು ಸಲೀಸಾಗಿ ಬರುತ್ತದೆ.

ನನ್ನ ಕೆಲಸ ಘಣಸೋಲಿಯಲ್ಲಿ, ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಾರ್ಖಾನೆಯ ರವಾನೆ ವಿಭಾಗದಲ್ಲಿ. ಡೊಂಬಿವಲಿಯಿಂದ ಥಾಣೆಗೆ ಒಂದು ಗಾಡಿ, ಅಲ್ಲಿ ಸೇತುವೆ ಹತ್ತಿ ಇಳಿದು ಘಣಸೋಲಿಗೆ ಇನ್ನೊಂದು ಗಾಡಿ. ನಾನು ಓದಿದ್ದು ಇಲ್ಲಿನ ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ, ಮುಂದೆ ರಾತ್ರಿ ಕಾಲೇಜಿನಲ್ಲಿ. ಮರಾಠಿ, ಹಿಂದಿ, ತುಳು, ಕನ್ನಡ ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ಇಂಗ್ಲಿಷ್ ಮಾತ್ರ ಒಲಿದಿರಲಿಲ್ಲ. ಹಳೆಯ ಮ್ಯಾನೇಜರರು ಇದ್ದಷ್ಟು ಕಾಲ ಎಲ್ಲ ಫೋನಿನಲ್ಲೇ ಮುಗಿಯುತ್ತಿತ್ತು. ಅವರು ನಿವೃತ್ತರಾಗಿ ಹೊಸಬರು ಬಂದ ಮೇಲೆ ಎಲ್ಲವೂ ಮೇಲ್‌ನಲ್ಲಿ, ಎಲ್ಲವೂ ಇಂಗ್ಲಿಷಿನಲ್ಲಿ ಆಗಬೇಕೆಂದಾಯಿತು. ನಾನು ಒಂದೊಂದು ಮೇಲ್ ಬರೆಯುವಾಗಲೂ ಬೆವರುತ್ತಿದ್ದೆ.

ಹೊಸ ಮ್ಯಾನೇಜರ್ ಕೆಟ್ಟವರೆಂದು ಹೇಳಲಾರೆ. ನನಗಿಂತ ಚಿಕ್ಕವರು, ಚುರುಕು, ನಗಿಸುವ ಸ್ವಭಾವ. ತಿಂಗಳ ಸಭೆಯಲ್ಲಿ ಎಲ್ಲರನ್ನೂ ನಗಿಸಿ ಕೆಲಸ ಮಾಡಿಸುವುದು ಅವರ ರೀತಿ. ಆ ಸಲದ ಸಭೆಯಲ್ಲಿ ಅವರು ಗೋಡೆಯ ಮೇಲೆ ಒಂದು ಮೇಲ್ ಮೂಡಿಸಿದರು. ಅದು ನಾನು ಒಬ್ಬ ಗಿರಾಕಿಗೆ ಬರೆದದ್ದು. ಮಾಲು ತಡವಾದದ್ದಕ್ಕೆ ವಿಷಾದಿಸುತ್ತೇವೆ, ನಿಮ್ಮ ತಾಳ್ಮೆಗೆ ಧನ್ಯವಾದ ಎಂದು ಬರೆಯಬೇಕಿತ್ತು. ಆತುರದಲ್ಲಿ ಎರಡೂ ಅದಲುಬದಲಾಗಿ, ನಿಮ್ಮ ತಾಳ್ಮೆಗೆ ವಿಷಾದಿಸುತ್ತೇವೆ, ತಡವಾದದ್ದಕ್ಕೆ ಧನ್ಯವಾದ ಎಂದಾಗಿತ್ತು.

“ಜರಾ ಖಡೇ ಹೋಕೆ ಪಢಿಯೇ ನಾ,” ಎಂದರು ಅವರು ನಗುತ್ತಲೇ.

ನಾನು ಎದ್ದು ನಿಂತು ಓದಿದೆ. ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಾಗಲಿಲ್ಲ. ಮತ್ತೊಮ್ಮೆ ಓದಲು ಹೇಳಿದರು. ಎರಡನೆಯ ಸಲ ಓದುವಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೂರನೆಯ ಸಲಕ್ಕೆ ಇಡೀ ಕೋಣೆ ನಕ್ಕಿತು. ಆಗ ನನಗೆ ತಿಳಿಯಿತು. ನಾನು ಮಾಡಿದ್ದೇನೆಂದರೆ, ಅವರೊಂದಿಗೆ ನಾನೂ ನಕ್ಕೆ. ಜೋರಾಗಿ, ಕೈ ತಟ್ಟಿ, ನಾನು ಬಲು ತಮಾಷೆಯ ಮನುಷ್ಯ ಎನ್ನುವಂತೆ ನಕ್ಕೆ. ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಒಬ್ಬ ನನ್ನ ಡಬ್ಬಿಗೆ ಉಪ್ಪಿನಕಾಯಿ ಹಾಕುತ್ತ ತಡವಾದದ್ದಕ್ಕೆ ಧನ್ಯವಾದ ಎಂದ. ಅದಕ್ಕೂ ನಕ್ಕೆ. ಸಂಜೆ ಗೇಟಿನ ವಾಚ್‌ಮನ್‌ಗೂ ಸುದ್ದಿ ಗೊತ್ತಾಗಿತ್ತು. ಅವನಿಗೂ ಒಂದು ನಗು ಕೊಟ್ಟು ಹೊರಬಿದ್ದೆ.

ಥಾಣೆಯಲ್ಲಿ ಕಲ್ಯಾಣದ ಫಾಸ್ಟ್ ಗಾಡಿ ಹತ್ತಿದೆ. ಜನ ನನ್ನನ್ನು ತಾವಾಗಿಯೇ ಒಳಕ್ಕೆ ತಳ್ಳಿ ಸೀಟುಗಳ ನಡುವೆ ನಿಲ್ಲಿಸಿದರು. ಮೂವರು ಕೂರುವ ಸೀಟಿನ ತುದಿಯಲ್ಲಿ ನಾಲ್ಕನೆಯವನು ಅರ್ಧ ಪೃಷ್ಠ ಊರಿ ಕೂರುವುದು ಇಲ್ಲಿನ ವಾಡಿಕೆ. ಅಲ್ಲಿ ಕೂತಿದ್ದ ಒಬ್ಬ ತರುಣ ನನ್ನ ಮುಖ ನೋಡಿ ಎದ್ದು ನಿಂತ.

“ಬಸಾ ಕಾಕಾ,” ಎಂದ.

ನಾನು ಕೂತೆ. ಅಷ್ಟೇ ಆದದ್ದು. ಬೆಳಗಿನಿಂದ ಯಾರು ಏನೆಂದರೂ ತಡೆದುಕೊಂಡಿದ್ದವನಿಗೆ ಆ ಎರಡು ಮಾತು ತಡೆಯಲಾಗಲಿಲ್ಲ. ಗಾಡಿ ಪಾರ್ಸಿಕ್ ಸುರಂಗ ಹೊಕ್ಕಿತು. ಆ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲವೆಂದು ಒಮ್ಮೆ ಬಿಕ್ಕಿದೆ. ಸುರಂಗ ಮುಗಿಯುವುದರೊಳಗೆ ನಿಲ್ಲಿಸಿಬಿಡಬಹುದೆಂದುಕೊಂಡಿದ್ದೆ. ಸುರಂಗ ಮುಗಿಯಿತು, ಬೆಳಕು ಬಂತು, ಸದ್ದು ಇಳಿಯಿತು, ನನ್ನ ಅಳು ನಿಲ್ಲಲಿಲ್ಲ. ಕರವಸ್ತ್ರ ಬಾಯಿಗೆ ಒತ್ತಿಕೊಂಡರೂ ಎದೆಯೊಳಗಿನಿಂದ ಒಂದು ವಿಚಿತ್ರ ಸ್ವರ ಹೊರಡುತ್ತಿತ್ತು. ಎದುರಿನ ಸೀಟಿನಲ್ಲಿ ಇಸ್ಪೀಟು ಆಡುತ್ತಿದ್ದವರು ಎಲೆ ಹಾಕುವುದನ್ನು ನಿಲ್ಲಿಸಿದರು. ಯಾರೋ ನೀರಿನ ಬಾಟಲಿ ಚಾಚಿದರು. ತಲೆ ಅಲ್ಲಾಡಿಸಿದೆ. ನಲವತ್ತು ದಾಟಿದ, ಹೆಂಡತಿ ಮಗಳು ಇರುವ, ಕನ್ನಡಕ ಹಾಕಿದ ಗಂಡಸು ಅಷ್ಟು ಜನರ ಮೊಣಕಾಲುಗಳ ನಡುವೆ ಕೂತು ಮಗುವಿನ ಹಾಗೆ ಅಳುತ್ತಿದ್ದೆ. ಡೊಂಬಿವಲಿ ಬಂದಾಗ ಜನ ನನಗೆ ದಾರಿ ಬಿಟ್ಟರು. ಆ ಗಾಡಿಯಲ್ಲಿ ಯಾರೂ ಯಾರಿಗೂ ದಾರಿ ಬಿಡುವುದಿಲ್ಲ. ನನಗೆ ಬಿಟ್ಟರು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ಮುಖ ತೊಳೆದು, ಕಣ್ಣಿನ ಕೆಂಪು ಹೋಗಲೆಂದು ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿ ಮನೆಗೆ ಹೋದೆ. ಹೆಂಡತಿ ಅಡುಗೆಮನೆಯಲ್ಲಿ ಪತ್ರೊಡೆ ಸುರುಳಿ ಸುತ್ತುತ್ತಿದ್ದಳು. ಕಣ್ಣೇಕೆ ಹೀಗಾಗಿದೆ ಎಂದು ಕೇಳಿದಳು. ಕಾರ್ಖಾನೆಯ ಧೂಳು ಎಂದೆ. ಬಟ್ಟೆ ಬದಲಿಸಿ ಕೂತು, ಬೇರೇನೂ ತೋಚದೆ ಫೋನು ತೆಗೆದೆ.

ಗುಂಪಿನಲ್ಲಿ ಅಣ್ಣ ಬರೆದಿದ್ದರು: ‘ಇವತ್ತ ನನ್ನ ಉರಿ ಗೋದಾಮಿಂದಲ್ರೀ. ಗಾಡ್ಯಾಗ ಒಬ್ಬಾಂವ ಅಳಾಕತ್ತಿದ್ದ. ನಮ್ಮ ವಯಸ್ಸಿನಾಂವ. ಸುರಂಗ ದಾಟಿದ ಮ್ಯಾಲ ಡೊಂಬಿವಲಿ ತನಕಾ ಸಣ್ಣ ಹುಡುಗರಂಗ ಬಿಕ್ಕಿ ಬಿಕ್ಕಿ ಅತ್ತ. ಕೈಯಾಗ ಟಿಫಿನ್ ಚೀಲ ಇತ್ತು, ಅದರ ಮ್ಯಾಲ ಕನ್ನಡದಾಗ ಯಾರದೋ ಮದ್ವಿ ಹೆಸರು ಛಾಪಿಸಿತ್ತು. ನಮ್ಮಾಂವನ ಇರಬೇಕು.’

ಮೇಜಿನ ಮೇಲೆ ನನ್ನ ಬಟ್ಟೆಯ ಚೀಲವಿತ್ತು. ಹೆಂಡತಿಯ ತಂಗಿಯ ಮದುವೆಯಲ್ಲಿ ಎಲ್ಲರಿಗೂ ತೆಂಗಿನಕಾಯಿ ಹಾಕಿ ಕೊಟ್ಟ ಚೀಲ. ಕೆಂಪು ಅಕ್ಷರದಲ್ಲಿ ವಧೂವರರ ಹೆಸರು. ಅದನ್ನು ಮಗುಚಿ ಇಟ್ಟೆ.

ಅಕ್ಕ ಬರೆದರು: ‘ಅಯ್ಯೋ ದೇವರೇ. ಎಂತ ಆಯ್ತೋ ಪಾಪ. ನೀವು ಮಾತಾಡಿಸಿದ್ರಾ?’

‘ಇಲ್ರೀ ಅಕ್ಕಾರ. ಹೆಂಗ ಮಾತಾಡ್ಸೂದು? ಎಲ್ಲಾರೂ ಫೋನ್ ನೋಡಾಕತ್ತಿದ್ರು. ನಾನೂ ನೋಡ್ದೆ.’

ಥಾಣೆಯವನು ಬರೆದ: ‘ಬ್ರೇಕಪ್ ಕೇಸ್ ಯಾರ್. ಈ ಏಜಲ್ಲೂ ಹೋತಾ ಹೈ.’ ಅದರ ಹಿಂದೆಯೇ ನಗುವ ಮುಖಗಳ ಸಾಲು.

ಆಮೇಲೆ ಅಕ್ಕ ನನ್ನನ್ನೇ ಕೇಳಿದರು: ‘ನೀವೂ ಅದೇ ಗಾಡಿಯಲ್ಲಿ ಬರುವುದಲ್ವಾ? ನೋಡಿದ್ರಾ?’

ನಾನೇ ಎಂದು ಬರೆದೆ, ಅಳಿಸಿದೆ. ಕೊನೆಗೆ, ‘ಇವತ್ತು ಬೇಗ ಬಂದೆ. ತಂಪು: ಮನೆಯಲ್ಲಿ ಪತ್ರೊಡೆ’ ಎಂದು ಕಳಿಸಿದೆ. ಅಕ್ಕ ತಮಗೂ ಎರಡು ತುಂಡು ಇಡಿ ಎಂದು ಬರೆದರು. ನನ್ನ ಪಾಲಿನದನ್ನು ಮಗಳ ತಟ್ಟೆಗೆ ದಾಟಿಸಿದೆ.

ಅಲ್ಲಿಗೆ ಮುಗಿಯಬಹುದೆಂದುಕೊಂಡಿದ್ದೆ. ಮುಗಿಯಲಿಲ್ಲ. ಗಾಡಿಯಲ್ಲಿ ಅತ್ತವನು ನಮ್ಮ ಗುಂಪಿನ ಐದನೆಯ ಸದಸ್ಯನಾಗಿಬಿಟ್ಟ. ಅಕ್ಕ ತಮ್ಮ ಉರಿ ಬರೆದು, ಆ ಮನುಷ್ಯನ ಮುಂದೆ ನನ್ನದೇನು ಮಹಾ ಎಂದು ಸೇರಿಸುತ್ತಿದ್ದರು. ಅವನ ಹೆಂಡತಿ ತೀರಿಹೋಗಿರಬೇಕೆಂದು ಒಂದು ದಿನ ಊಹಿಸಿದರು. ಮಗ ದಾರಿ ತಪ್ಪಿರಬೇಕೆಂದು ಇನ್ನೊಂದು ದಿನ. ಅವನ ದುಃಖ ಅಷ್ಟು ದೊಡ್ಡದಿರಬೇಕೆಂದು ಎಲ್ಲರೂ ತೀರ್ಮಾನಿಸಿದ್ದರು. ಒಂದು ಇಂಗ್ಲಿಷ್ ವಾಕ್ಯಕ್ಕೆ ಅತ್ತೆ ಎಂದು ಹೇಳುವುದು ಇನ್ನೂ ಅಸಾಧ್ಯವಾಯಿತು. ಥಾಣೆಯವನು ಅವನಿಗೆ ಅಳುಬಾಬಾ ಎಂದು ಹೆಸರಿಟ್ಟ. ಬಾಸ್ ಬೈದ ದಿನ ‘ಆಜ್ ಬಾಸ್ ನೆ ಇತ್ನಾ ಸುನಾಯಾ, ನಾನೂ ಅಳುಬಾಬಾ ಆಗ್ತಿದ್ದೆ’ ಎಂದೆಲ್ಲ ಬರೆಯುತ್ತಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ನಕ್ಕರೆ ಒಂದು ರೀತಿ ಹಗುರವಾಗುತ್ತಿತ್ತು. ಅಕ್ಕನ ಮರುಕವೇ ಚುಚ್ಚುತ್ತಿತ್ತು. ನನ್ನ ತಿಥಿಯ ಊಟಕ್ಕೆ ನಾನೇ ಕೂತ ಹಾಗೆ ಅವರ ಮಾತುಗಳನ್ನು ಓದುತ್ತಿದ್ದೆ.

ಅಣ್ಣ ಮಾತ್ರ ಊಹಿಸಲೂ ಇಲ್ಲ, ನಗಲೂ ಇಲ್ಲ. ಅವರು ಹುಡುಕತೊಡಗಿದರು. ದಿನಾ ಅದೇ ಗಾಡಿ, ಅದೇ ಡಬ್ಬಿ. ‘ಇವತ್ತೂ ಬಂದಿಲ್ಲ ಆಸಾಮಿ’ ಎಂದು ಬರೆಯುತ್ತಿದ್ದರು. ನಾನು ಮದುವೆಯ ಚೀಲ ಬಿಟ್ಟು ಪ್ಲಾಸ್ಟಿಕ್ಕಿನ ಊಟದ ಡಬ್ಬಿ ಕೈಯಲ್ಲಿ ಹಿಡಿದು ಹೋಗತೊಡಗಿದೆ. ಚೀಲ ಎಲ್ಲಿ ಎಂದು ಹೆಂಡತಿ ಕೇಳಿದಾಗ ಹರಿಯಿತು ಎಂದೆ. ಫಾಸ್ಟ್ ಬಿಟ್ಟು ಸ್ಲೋ ಗಾಡಿ ಹಿಡಿದೆ, ಅದರಲ್ಲೂ ಕೊನೆಯ ಡಬ್ಬಿ. ಕಳವಾ, ಮುಂಬ್ರಾ, ದಿವಾ, ಕೋಪರ್ ಎಂದು ಪ್ರತಿ ನಿಲ್ದಾಣದಲ್ಲೂ ನಿಂತು ನಿಂತು ಮನೆ ಸೇರುವಾಗ ತಪ್ಪಿಸಿಕೊಂಡು ತಿರುಗುವ ಅಪರಾಧಿಯ ಹಾಗೆ ಅನಿಸುತ್ತಿತ್ತು.

ಒಂದು ಸಂಜೆ ಥಾಣೆಯ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದೆ. ಪಕ್ಕದ ಪ್ಲಾಟ್‌ಫಾರ್ಮಿನಲ್ಲಿ ಕಲ್ಯಾಣದ ಫಾಸ್ಟ್ ಬಂದು ನಿಂತಿತು. ಸಣಕಲು ದೇಹದ, ತಲೆಗೂದಲು ಎಣ್ಣೆ ಹಚ್ಚಿ ಬಾಚಿದ ಒಬ್ಬ ಮನುಷ್ಯ ಗಾಡಿ ಹತ್ತದೆ ಕಿಟಕಿಯಿಂದ ಕಿಟಕಿಗೆ ನಡೆಯುತ್ತ ಕೂತವರ ಮುಖ ನೋಡುತ್ತಿದ್ದ. ಮುಖ ನೋಡುತ್ತಿದ್ದನೆನ್ನುವುದಕ್ಕಿಂತ ಮಡಿಲಲ್ಲಿದ್ದ ಚೀಲ ನೋಡುತ್ತಿದ್ದ. ಯಾರೆಂದು ನನಗೆ ತಕ್ಷಣ ಗೊತ್ತಾಯಿತು. ಅಷ್ಟು ವರ್ಷ ಅಣ್ಣನನ್ನು ನಾನು ಎತ್ತರದ, ದೊಡ್ಡ ಮೀಸೆಯ ಆಳೆಂದು ಕಲ್ಪಿಸಿಕೊಂಡಿದ್ದೆ. ಗಾಡಿ ಹೊರಡುವಾಗ ಅವರು ಬಾಗಿಲ ಕಂಬ ಹಿಡಿದು ಓಡಿ ಹತ್ತಿದರು. ನಾನು ವಡಾಪಾವ್ ಅಂಗಡಿಯ ಹಿಂದೆ ಸರಿದು ನಿಂತಿದ್ದೆ. ಸ್ವಲ್ಪ ಹೊತ್ತಿನಲ್ಲೇ ನನ್ನ ಜೇಬಿನಲ್ಲಿ ಫೋನು ಸದ್ದು ಮಾಡಿತು. ತೆಗೆದು ನೋಡಲಿಲ್ಲ. ಏನು ಬರೆದಿರುತ್ತಾರೆಂದು ಗೊತ್ತಿತ್ತು. ನನ್ನ ಮಟ್ಟಿಗೆ ಅತ್ತದ್ದಕ್ಕಿಂತ ಆ ಅಂಗಡಿಯ ಹಿಂದೆ ನಿಂತದ್ದೇ ಹೆಚ್ಚು ನಾಚಿಕೆಗೇಡು.

ಮರುದಿನವೋ ಅದರ ಮರುದಿನವೋ ಥಾಣೆಯವನು ಅಣ್ಣನನ್ನು ಕೆಣಕಿದ: ‘ಅಣ್ಣಾ, ಛೋಡೋ ನಾ. ಅಳುಬಾಬಾ ನಿಮ್ಗೆ ಯಾಕಿಷ್ಟು ಟೆನ್ಶನ್?’

ಅಣ್ಣ ಆ ದಿನ ಬರೆದದ್ದು ಉದ್ದವಿತ್ತು. ‘ನಾ ಅವನ ಎದುರಿಗೇ ನಿಂತಿದ್ನಿ. ಚೀಲದ ಮ್ಯಾಲಿನ ಕನ್ನಡಾ ಓದಿದ್ನಿ. ಯಾಕ್ರೀ ಅಂತ ಒಂದ ಮಾತ ಕೇಳ್ಬಹುದಿತ್ತು. ಕೇಳಿದ್ರ ಇಂವಾ ಅವನ ಕಡಿಯಾಂವ ಅಂತ ಮಂದಿ ನನ್ನೂ ನೋಡ್ತಾರಂತ ಸುಮ್ನಾದೆ. ಅವತ್ತಿಂದ ದಿನಾ ಪೇಪರ್ ತಿರುವಿ ನೋಡ್ತೀನಿ. ಡೊಂಬಿವಲಿ ಹಳಿ ಮ್ಯಾಲ ಯಾರರೆ ಸತ್ತ ಸುದ್ದಿ ಇದ್ರ ಕನ್ನಡಕ ಇತ್ತೇನು, ಚೀಲ ಇತ್ತೇನು ಅಂತ ಓದ್ತೀನಿ. ಮನಿಯಾಗ ಹೆಂಡ್ತಿ ಬೈತಾಳ.’

ನಾನು ಆಗ ಡೊಂಬಿವಲಿಯಲ್ಲಿ ಇಳಿದು ಸೇತುವೆಯ ಕಡೆ ನಡೆಯುತ್ತಿದ್ದೆ. ಅಲ್ಲೇ ಒಂದು ಬೆಂಚಿನಲ್ಲಿ ಕೂತೆ. ನನ್ನ ಅಳುವನ್ನು ಬಚ್ಚಿಡುವ ಭರದಲ್ಲಿ ನಾನು ಸತ್ತಿರಬಹುದೆಂದು ಒಬ್ಬರು ಹೆದರಿರಬಹುದು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಗುಂಪಿನಲ್ಲಿ ಬರೆಯಲು ಧೈರ್ಯ ಬರದೆ ಅವರೊಬ್ಬರಿಗೇ ಬರೆದೆ: ‘ಆ ಮನುಷ್ಯ ಬದುಕಿದ್ದಾನೆ. ಚೆನ್ನಾಗಿದ್ದಾನೆ.’

‘ನಿಮಗ ಹೆಂಗ ಗೊತ್ತು?’

‘ಅದು ನಾನೇ.’

ಅವರು ಓದಿದರೆಂದು ಗುರುತು ಬಿತ್ತು. ಆಮೇಲೆ ಫೋನು ಹೊಡೆದುಕೊಳ್ಳತೊಡಗಿತು. ಎತ್ತಲು ಕೈ ಬರಲಿಲ್ಲ. ನಿಂತಿತು. ಒಂದು ಸಾಲು ಬಂತು: ‘ನಾಳಿ ಥಾಣ್ಯಾಗ ಸೇತುವಿ ಕೆಳಗ ನಿಂದರ್ತೀನಿ. ಬರ್ರಿ.’

ಮರುದಿನ ಸಂಜೆ ಅವರು ಮೆಟ್ಟಿಲ ಬುಡದಲ್ಲೇ ನಿಂತಿದ್ದರು. ನಾನು ಎದುರಿಗೆ ಹೋಗಿ ನಿಂತೆ.

“ನೀವ ಏನ್ರಿ?” ಎಂದರು.

“ಹೌದು.”

ಅವರು ಕೈ ಮುಗಿಯಲು ಹೋಗಿ, ಕೈ ಕುಲುಕಲು ಹೋಗಿ, ಎರಡೂ ಮಾಡದೆ, “ಚಾ ಕುಡಿಯೂಣು,” ಎಂದರು. ಗಾಜಿನ ಲೋಟ ಹಿಡಿದು ಅಕ್ಕಪಕ್ಕ ನಿಂತೆವು. ಅವರ ಕೀಲು ನೋವು, ಅವರ ಮಗಳ ಪರೀಕ್ಷೆ, ಅವರು ಕದ್ದು ತಿನ್ನುವ ಜಿಲೇಬಿ ಎಲ್ಲವೂ ನನಗೆ ಗೊತ್ತು. ಅವರ ಧ್ವನಿ ಮಾತ್ರ ಹೊಸದು.

“ಅವತ್ತ ನಾ ನಿಮ್ಮ ಮುಂದನ ನಿಂತಿದ್ನಿ,” ಎಂದರು.

“ನನಗೆ ಕಾಣಿಸಲಿಲ್ಲ.”

“ಕಣ್ಣಾಗ ನೀರ ಇದ್ರ ಹೆಂಗ ಕಾಣ್ತೈತಿ?” ಎಂದವರು ಆಡಬಾರದ್ದು ಆಡಿದ ಹಾಗೆ ನಾಲಿಗೆ ಕಚ್ಚಿಕೊಂಡರು. “ತಪ್ಪಾತ್ರಿ.”

“ನಿಮ್ಮದೇನು ತಪ್ಪು. ನಾನೇ ಅಷ್ಟು ದಿನ ನಿಮ್ಮನ್ನು ಅಲೆಸಿದೆ.”

“ಆರಾಮದೀರಲ್ಲ, ಅಷ್ಟ ಸಾಕು.”

ಯಾಕೆ ಅತ್ತಿರಿ ಎಂದು ಅವರು ಕೇಳಲಿಲ್ಲ. ಕೇಳಿದರೆ ಹೇಳಬೇಕೆಂದು ಬೆಳಗಿನಿಂದ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರು ಕೇಳದೆ ಹೋದದ್ದರಿಂದ ಸಮಾಧಾನವೂ ಆಯಿತು, ಒಂದಿಷ್ಟು ಬೇಸರವೂ ಆಯಿತು. ಒಟ್ಟಿಗೆ ಗಾಡಿ ಹತ್ತಿದೆವು. ಸುರಂಗ ಬಂದಾಗ ಇಬ್ಬರೂ ಹೊರಗೆ ನೋಡತೊಡಗಿದೆವು, ಹೊರಗೆ ಕತ್ತಲೆ ಬಿಟ್ಟು ಏನೂ ಇರಲಿಲ್ಲ. ನಾನು ಇಳಿಯುವಾಗ ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು ಜನರ ನಡುವಿನಿಂದ ಬಾಗಿಲಿಗೆ ದೂಡಿದರು.

ಮನೆ ಮುಟ್ಟುವ ಮೊದಲೇ ಗುಂಪಿನಲ್ಲಿ ಅವರ ಸಂದೇಶವಿತ್ತು: ‘ಆ ಮನುಷ್ಯಾ ಸಿಕ್ಕಾರ. ಆರಾಮದಾರ. ಇನ್ನ ಆ ಸುದ್ದಿ ಬ್ಯಾಡ.’

ಇಷ್ಟು ದಿನ ಅಂವ, ಇಂವ ಎನ್ನುತ್ತಿದ್ದವರು ಒಮ್ಮೆಲೇ ಬಹುವಚನಕ್ಕೆ ಬಂದಿದ್ದರು. ಅಕ್ಕ ಅದನ್ನು ಹಿಡಿದುಬಿಟ್ಟರು. ‘ಯಾರು? ನಿಮಗೆ ಗುರುತಿನವರಾ?’ ಎಂದು ಕೇಳಿದರು. ಅದರ ಬೆನ್ನಿಗೆ ಥಾಣೆಯವನು, ‘ಅಳುಬಾಬಾ ಮಿಲ್ ಗಯಾ? ಸೆಲ್ಫಿ ತೆಗೆದ್ರಾ ಅಣ್ಣಾ?’ ಎಂದ. ನನ್ನನ್ನು ಕಾಪಾಡಲು ಅಣ್ಣ ಸುಮ್ಮನಿರುವುದನ್ನು ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ. ಮೆಟ್ಟಿಲ ಮೇಲೆ ನಿಂತೇ ಬರೆದೆ: ‘ಅದು ನಾನು. ಆಫೀಸಿನಲ್ಲಿ ಅವಮಾನವಾಗಿತ್ತು. ದೊಡ್ಡದೇನೂ ಅಲ್ಲ.’

ಅಕ್ಕ ಒಂದಾದ ಮೇಲೊಂದು ಬರೆದರು. ಮೊದಲು ಅಯ್ಯೋ ಎಂದು, ಆಮೇಲೆ ಊಟ ಮಾಡಿದ್ರಾ ಎಂದು. ಸ್ವಲ್ಪ ಹೊತ್ತಿನ ಮೇಲೆ ಥಾಣೆಯವನು ಗುಂಪು ಬಿಟ್ಟುಹೋದನೆಂದು ಪರದೆಯ ಮೇಲೆ ಒಂದು ಸಾಲು ಮೂಡಿತು. ನಾನು ಅವನಿಗೆ ಫೋನು ಮಾಡಿದೆ. ಮೊದಲ ಬಾರಿ ಅವನ ಧ್ವನಿ ಕೇಳಿದ್ದು.

“ಸಾರಿ ಅಂಕಲ್,” ಎಂದ. “ನಂಗೆ ಬಹುತ್ ಶರಮ್ ಆಗ್ತಾ ಇದೆ.”

“ಪರವಾಗಿಲ್ಲ ಮಾರಾಯಾ. ನೀನು ನಗುವಾಗ ನನಗೂ ಸ್ವಲ್ಪ ಹಗುರ ಆಗುತ್ತಿತ್ತು. ವಾಪಸ್ ಬಾ.”

“ಆತೆ ಹೈಂ ಅಂಕಲ್,” ಎಂದ. ಬರಲಿಲ್ಲ. ಗುಂಪಿನಲ್ಲಿ ಅವನು ನನ್ನನ್ನು ಎಂದೂ ಅಂಕಲ್ ಎಂದಿರಲಿಲ್ಲ.

ಅವನು ಹೋದ ಮೇಲೆ ಗುಂಪು ಮೊದಲಿನಂತಾಗಲಿಲ್ಲ. ಕನ್ನಡ ಅಕ್ಷರದಲ್ಲೇ ಬರೆಯಬಹುದಾಗಿತ್ತು, ನಾವು ಬರೆಯಲಿಲ್ಲ. ಅಕ್ಕ ದಿನಾ ಬೆಳಗ್ಗೆ ನನ್ನನ್ನು ಹೇಗಿದ್ದೀರಿ ಎಂದು ವಿಚಾರಿಸುವರು, ಕಾಯಿಲೆಯವರನ್ನು ವಿಚಾರಿಸುವ ಹಾಗೆ. ಉರಿ ಬರೆಯುವುದನ್ನು ಅವರು ನಿಲ್ಲಿಸಿಯೇಬಿಟ್ಟರು. ಬರೀ ತಂಪು. ನಾನೊಬ್ಬ ಇದ್ದೇನೆಂದು ಎಲ್ಲರೂ ಎಚ್ಚರಿಕೆಯಿಂದ ಮಾತಾಡುತ್ತಿದ್ದಾರೆ ಎನಿಸುತ್ತಿತ್ತು. ಗಾಡಿಯಲ್ಲಿ ಜನ ದಾರಿ ಬಿಟ್ಟ ಹಾಗೆಯೇ ಇದು. ಆಫೀಸಿನಲ್ಲಿ ನನ್ನ ವಾಕ್ಯ ಹಳತಾಗಿ, ಇನ್ನೊಬ್ಬ ಯಾರೋ ಇನ್ನೊಂದು ತಪ್ಪು ಮಾಡಿ, ಅದರ ನಗು ಶುರುವಾಯಿತು. ಆ ಸಭೆಯಲ್ಲಿ ನಾನು ನಗಲಿಲ್ಲ. ನಗದಿರುವುದನ್ನು ಯಾರೂ ಗಮನಿಸಲೂ ಇಲ್ಲ.

ಕೆಲವು ತಿಂಗಳ ಮೇಲೆ ಅಕ್ಕ ಪಟ್ಟು ಹಿಡಿದು ಎಲ್ಲರನ್ನೂ ಒಂದು ಭಾನುವಾರ ನೆರೂಳದ ತಮ್ಮ ಮನೆಗೆ ಊಟಕ್ಕೆ ಕರೆದರು, ಮನೆಯವರೊಡನೆ ಬರಬೇಕೆಂದರು. ಅಣ್ಣ ಹೆಂಡತಿಯೊಡನೆ ಜೋಳದ ರೊಟ್ಟಿ ಕಟ್ಟಿಕೊಂಡು ಬಂದಿದ್ದರು. ಥಾಣೆಯವನು ಬರಲಿಲ್ಲ. ನಾನು ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳಿಗೆ ಇವರೆಲ್ಲ ನನ್ನ ಫೋನಿನ ಗೆಳೆಯರು ಎಂದಷ್ಟೇ ಗೊತ್ತು. ಊಟಕ್ಕೆ ಕೂತಾಗ ಅಕ್ಕ ಸಾರಿನ ಪಾತ್ರೆ ಹಿಡಿದು ಬಂದು ನನ್ನ ಹೆಂಡತಿಯ ಪಕ್ಕ ನಿಂತರು.

“ಆವತ್ತು ನೀವು ಹೇಗೆ ತಡೆದುಕೊಂಡಿರಿ ಮಾರಾಯ್ತಿ?” ಎಂದರು. “ಗಾಡಿಯಲ್ಲಿ ಅಷ್ಟು ಅತ್ತು ಬಂದವರನ್ನು ಮನೆಯಲ್ಲಿ ಸಮಾಧಾನ ಮಾಡುವುದು ಅಂದ್ರೆ ಸುಮ್ಮನೆಯಾ? ಗಂಡಸರು ಅತ್ತರೆ ನನಗಂತೂ ನೋಡಲಿಕ್ಕೆ ಆಗುವುದಿಲ್ಲ.”

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹೆಂಡತಿ ನನ್ನ ಕಡೆ ಒಮ್ಮೆ ನೋಡಿದಳು. ಅವಳ ಮುಖದಲ್ಲಿ ಏನೂ ಕದಲಲಿಲ್ಲ.

“ಹೌದು, ಕಷ್ಟ ಆಯಿತು,” ಎಂದಳು. “ಸಾರು ಸಾಕು ಅಕ್ಕ. ತುಂಬಾ ರುಚಿಯಾಗಿದೆ.”

ಹೊರಡುವವರೆಗೂ ಅವಳು ನಗುತ್ತ, ಎಲ್ಲರೊಡನೆ ಮಾತಾಡುತ್ತ, ಅಕ್ಕನ ಬಾಲ್ಕನಿಯ ಮಲ್ಲಿಗೆ ಗಿಡದಿಂದ ಒಂದು ಕಡ್ಡಿ ಕೇಳಿಕೊಂಡು ಓಡಾಡಿದಳು. ಅಣ್ಣನವರಿಗಿಂತ ಮೊದಲೇ ಎಲ್ಲರನ್ನೂ ಬೀಳ್ಕೊಂಡು ನೆರೂಳದಿಂದ ಥಾಣೆಯ ಗಾಡಿ ಹತ್ತಿದ ಮೇಲೆ ಸುಮ್ಮನಾದಳು. ಭಾನುವಾರದ ಗಾಡಿ ಖಾಲಿ ಇತ್ತು. ಎದುರುಬದುರು ಕಿಟಕಿ ಬದಿಗೆ ಕೂತಿದ್ದೆವು. ಜುಯಿನಗರ ಹೋಯಿತು, ತುರ್ಭೆ ಹೋಯಿತು.

“ಅವರಿಗೆಲ್ಲ ಗೊತ್ತಿತ್ತು,” ಎಂದಳು ಕೊನೆಗೆ, ತುಳುವಿನಲ್ಲಿ. “ನನಗೆ ಗೊತ್ತಿರಲಿಲ್ಲ. ನಾನು ಕೇಳಿದ್ದೆ ನಿಮ್ಮ ಹತ್ತಿರ.”

ದಿನಾ ಸಂಜೆ ಮುಖ ಕಾಣದ ಮೂವರಿಗೆ ನನ್ನ ದಿನವನ್ನು ಬಿಚ್ಚಿ ಬರೆಯುತ್ತಿದ್ದೆ. ಅದೇ ಹೊತ್ತಿಗೆ ಅವಳು ಅಡುಗೆಮನೆಯಿಂದ ಕೇಳಿದರೆ ಏನಿಲ್ಲ ಎನ್ನುತ್ತಿದ್ದೆ. ಅಷ್ಟು ಜನರ ಮುಂದೆ ಅತ್ತದ್ದಕ್ಕೆ ಪಟ್ಟ ನಾಚಿಕೆ ಆಗ ಬಹಳ ಸಣ್ಣದಾಗಿ ಕಂಡಿತು.

“ನಿಮ್ಮ ಆಫೀಸು ಈ ಕಡೆಯೇ ಅಲ್ಲವಾ?” ಎಂದಳು. ಇಷ್ಟು ವರ್ಷದಲ್ಲಿ ಅವಳು ಅದನ್ನು ನೋಡಿರಲಿಲ್ಲ.

ಘಣಸೋಲಿಯಲ್ಲಿ ಗಾಡಿ ನಿಂತಾಗ ಕಿಟಕಿಯಿಂದ ತೋರಿಸಿದೆ. ನೀಲಿ ತಗಡಿನ ಚಾವಣಿಯ ತುದಿ ಮಾತ್ರ ಕಾಣಿಸುತ್ತಿತ್ತು. ಗಾಡಿ ಹೊರಟ ಮೇಲೆ ಎಲ್ಲವನ್ನೂ ಹೇಳಿದೆ. ಮೇಲ್ ಗೋಡೆಯ ಮೇಲೆ ಮೂಡಿದ್ದು, ಮೂರು ಸಲ ಓದಿದ್ದು, ನಾನೂ ನಕ್ಕದ್ದು. ಅವಳಿಗೆ ಇಂಗ್ಲಿಷ್ ಬಾರದು. ಆ ವಾಕ್ಯವನ್ನು ತುಳುವಿಗೆ ತಿರುಗಿಸಿ ವಿವರಿಸಿದೆ. ನಿಮ್ಮ ತಾಳ್ಮೆಗೆ ವಿಷಾದ, ನಮ್ಮ ತಡಕ್ಕೆ ಧನ್ಯವಾದ. ಅವಳು ಒಂದು ಕ್ಷಣ ಯೋಚಿಸಿ ಫಕ್ಕನೆ ನಕ್ಕುಬಿಟ್ಟಳು. ನನ್ನ ಮುಖ ಬಿಸಿಯಾಯಿತು. ಅವಳು ಅದನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು.

“ನಗಬಾರದಿತ್ತಾ?” ಎಂದಳು.

“ಇಲ್ಲ. ನಗುವಂಥದ್ದೇ,” ಎಂದೆ.

“ಆದರೆ ಎಬ್ಬಿಸಿ ನಿಲ್ಲಿಸಿ ಓದಿಸಬಾರದಿತ್ತು ಅವರು,” ಎಂದು ಹೇಳಿ ಅವಳು ಹೊರಗೆ ನೋಡತೊಡಗಿದಳು. ಐರೋಲಿಯ ಸೇತುವೆ, ಖಾಡಿಯ ಹಿನ್ನೀರು, ಪೊದೆಗಳು ಹಿಂದೆ ಸರಿದವು. ಥಾಣೆಯಲ್ಲಿ ಇಳಿದು ಸೇತುವೆ ದಾಟಿ ಡೊಂಬಿವಲಿಯ ಗಾಡಿಗೆ ಕಾದೆವು. ಮಲ್ಲಿಗೆಯ ಕಡ್ಡಿಗೆ ಒದ್ದೆ ಕಾಗದ ಸುತ್ತಿ ಕೈಯಲ್ಲಿ ಹಿಡಿದಿದ್ದಳು. ಯಾವಾಗಲೂ ಅವಳು ಹೆಂಗಸರ ಡಬ್ಬಿಗೆ ಹೋಗುವವಳು. ಅಂದು ಗಾಡಿ ಬಂದಾಗ ನನ್ನ ಹಿಂದೆಯೇ ಹತ್ತಿದಳು.